ಊರು, ಊಟ, ಒಂದು ಬಾಟಲಿ ವೈನ್

ಮನೆಯ ಜಮಾ-ಖರ್ಚು ಬರೆದಿಡುವ ಬಹಳ ಜನ ಗೆಳೆಯರ ಜೊತೆ ಮಾಡಿದ ಖರ್ಚನ್ನು ‘ಇತರೆ’ ಎಂಬ ಸಾಲಿಗೆ ತಳ್ಳುತ್ತಾರೆ. ದಿನಸಿ, ಹಾಲು, ಕರೆಂಟು, ಮಕ್ಕಳ ಫೀಸು, ಸಾಲದ ಕಂತು, ವಿಮೆ ಎಲ್ಲಕ್ಕೂ ಒಂದೊಂದು ಸಾಲು ಇರುತ್ತದೆ. ಹಂಪಿಗೆ ಹೋಗಿ ಬಂದದ್ದು, ಭಾನುವಾರ ಮಧ್ಯಾಹ್ನ ಆರು ಜನ ಸೇರಿ ಹೊರಗೆ ಉಂಡದ್ದು, ಆ ಊಟಕ್ಕೆ ತರಿಸಿದ ವೈನು ಮಾತ್ರ ಲೆಕ್ಕ ಸಿಗದೆ ಉಳಿದ ಚಿಲ್ಲರೆಯ ಜೊತೆ ಸೇರಿಹೋಗುತ್ತದೆ. ನಮ್ಮ ಗುಂಪಿನಲ್ಲಿ ಅದಕ್ಕೆ ಬೇರೆಯದೇ ಸಾಲು ಇದೆ, ಅದೂ ಪಟ್ಟಿಯ ಮೇಲ್ಭಾಗದಲ್ಲಿ. ಸಂಬಳವೋ ಪಿಂಚಣಿಯೋ ಬಂದ ವಾರದಲ್ಲೇ ಆ ದುಡ್ಡು ಪಕ್ಕಕ್ಕೆ ಹೋಗುತ್ತದೆ. ಉಳಿದರೆ ಹೋಗೋಣ ಎಂದು ಕಾಯುವವರ ಕೈಯಲ್ಲಿ ಯಾವತ್ತೂ ಏನೂ ಉಳಿಯುವುದಿಲ್ಲ. ವರ್ಷಗಳು ಕಳೆದ ಮೇಲೆ ಗೆಳೆಯರೂ ಉಳಿದಿರುವುದಿಲ್ಲ.

ಈ ಖರ್ಚನ್ನು ದುಂದು ಎನ್ನುವ ಸಲಹೆಗಾರರ ಮಾತನ್ನು ನಾನು ಒಪ್ಪಲಾರೆ. ಸಾಲ ಮಾಡಿ ಮಾಡಿದರೆ ದುಂದು, ನಿಜ. ತುರ್ತಿಗೆಂದು ಇಟ್ಟ ಹಣಕ್ಕೆ ಕೈ ಹಾಕಿದರೂ ದುಂದೇ. ಆದರೆ ಕಾಲೇಜಿನ ದಿನಗಳಿಂದ ಒಬ್ಬರ ಮನೆಯ ಮದುವೆ-ಸಾವುಗಳಿಗೆಲ್ಲ ಇನ್ನೊಬ್ಬರು ನಿಂತ ಜನ ವರ್ಷಕ್ಕೊಮ್ಮೆ ಒಂದೇ ರೈಲು ಹತ್ತುವುದಕ್ಕೆ ತಗಲುವ ಹಣ ನನ್ನ ಮಟ್ಟಿಗೆ ವಿಮೆಯ ಕಂತಿನಷ್ಟೇ ಗಂಭೀರವಾದದ್ದು. ಪ್ರಶ್ನೆ ಇರುವುದು ಬೇರೆ ಕಡೆ. ಗೆಳೆಯರೆಲ್ಲರ ಜೇಬು ಒಂದೇ ತೂಕದ್ದಲ್ಲ.

ನಮ್ಮಲ್ಲಿ ಒಬ್ಬರು ವೈದ್ಯೆ, ಒಬ್ಬರು ನಿವೃತ್ತ ಹೈಸ್ಕೂಲು ಮೇಷ್ಟ್ರು, ಇಬ್ಬರು ಸಾಫ್ಟ್‌ವೇರ್ ಕಡೆಯವರು, ಒಬ್ಬ ಸಣ್ಣ ಆಫ್‌ಸೆಟ್ ಪ್ರೆಸ್ ನಡೆಸುವವನು, ಮತ್ತೆ ನಾನು. ಮದುವೆ ಕಾರ್ಡು, ಕರಪತ್ರ, ಬಿಲ್ ಬುಕ್ಕುಗಳ ಕೆಲಸ ಫೋನಿನೊಳಕ್ಕೆ ಹೋದ ಮೇಲೆ ಪ್ರೆಸ್ಸಿನವನ ವ್ಯವಹಾರ ಇಳಿಯಿತು. ಅವನು ಪ್ರವಾಸಕ್ಕೆ ಬರುವುದೂ ನಿಂತಿತು. ಒಮ್ಮೆ ಅತ್ತೆಗೆ ಹುಷಾರಿಲ್ಲ, ಒಮ್ಮೆ ಮೆಷಿನ್ ರಿಪೇರಿ. ಕೊನೆಗೆ ಅವನೇ ಫೋನಿನಲ್ಲಿ ಬಿಚ್ಚಿ ಹೇಳಿದ: “ನೀವು ಹಿಡಿಯೋ ಹೋಟ್ಲು ನಂಗಾಗಲ್ಲ ಕಣೋ. ನಿಂದೂ ನಾನೇ ಕೊಡ್ತೀನಿ ಅಂತ ನೀನಂದ್ರೆ ಅದು ಇನ್ನೂ ಆಗಲ್ಲ.”

ಆ ಎರಡನೆಯ ಮಾತನ್ನು ಎಲ್ಲ ಗುಂಪುಗಳೂ ಕೇಳಿಸಿಕೊಳ್ಳಬೇಕು. ಇದ್ದವರು ಇಲ್ಲದವರ ಪಾಲು ಕೊಡುವುದು ಒಂದು ಊಟಕ್ಕಾದರೆ ಪ್ರೀತಿ. ಪ್ರತಿ ಸಲ ಕೊಟ್ಟರೆ ಪಡೆದವರ ತಲೆ ತಗ್ಗುತ್ತದೆ. ಆಮೇಲೆ ಅವರು ಎಲ್ಲಿಗೆ ಹೋಗೋಣ ಎಂಬ ಮಾತಿನಲ್ಲಿ ಬಾಯಿ ಹಾಕುವುದಿಲ್ಲ, ಮೆನು ಕಾರ್ಡು ತೆರೆಯುವುದಿಲ್ಲ, “ನಿಮಗೇನು ಬೇಕೋ ಹೇಳಿ” ಎಂದು ಸುಮ್ಮನಾಗುತ್ತಾರೆ.

ವೈದ್ಯೆ ಗೆಳತಿ ಹುಡುಕಿದ ದಾರಿ ಸರಳವಾಗಿತ್ತು. ಯುಗಾದಿ ಹೊತ್ತಿಗೆ ಎಲ್ಲರೂ ಒಂದೊಂದು ಚೀಟಿಯಲ್ಲಿ ತಿಂಗಳಿಗೆ ನೆಮ್ಮದಿಯಿಂದ ಎತ್ತಿಡಬಹುದಾದ ಮೊತ್ತ ಬರೆಯಬೇಕು. ಹೆಸರು ಬರೆಯಬಾರದು. ಅವಳು ಬಿಚ್ಚಿ ಓದುತ್ತಾಳೆ. ಅತಿ ಕಡಿಮೆ ಅಂಕಿ ಯಾವುದೋ ಅದೇ ಎಲ್ಲರ ಅಂಕಿ. ಸರಾಸರಿ ಇಲ್ಲ, ಚರ್ಚೆ ಇಲ್ಲ, ಯಾರದೆಂದು ಊಹಿಸುವಂತೆಯೂ ಇಲ್ಲ. ಹೆಚ್ಚು ಖರ್ಚು ಮಾಡಬಲ್ಲವರು ತಮ್ಮ ಮನೆಯವರ ಜೊತೆ ಬೇರೆ ಪ್ರವಾಸ ಮಾಡಿಕೊಳ್ಳಲಿ, ಬೇಡ ಎಂದವರು ಯಾರು? ಗುಂಪಿನ ಪ್ರವಾಸಕ್ಕೆ ಮಾತ್ರ ಕೈ ಬಿಗಿ ಇರುವವರ ಅಳತೆಯೇ ಅಳತೆ.

ಅಂಕಿ 2,500 ರೂಪಾಯಿ ಎಂದು ಇಟ್ಟುಕೊಳ್ಳಿ. ಹತ್ತು ತಿಂಗಳಿಗೆ 25,000 ಆಗುತ್ತದೆ. ಇದನ್ನು ಒಬ್ಬರ ಖಾತೆಯಲ್ಲಿ ಒಟ್ಟುಗೂಡಿಸಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಬರುವ ಬಡ್ಡಿ ಆ ಒಬ್ಬರ ಆದಾಯವಾಗಿ ಅವರ ತೆರಿಗೆ ಲೆಕ್ಕಕ್ಕೆ ಸೇರುತ್ತದೆ. ಅವರಿಗೇನಾದರೂ ಆದರೆ ಖಾತೆಯಲ್ಲಿರುವುದು ಯಾರ ಹಣ ಎಂದು ಮನೆಯವರಿಗೆ ಗೊತ್ತಿರುವುದಿಲ್ಲ. ಅದರ ಬದಲು ಒಬ್ಬೊಬ್ಬರೂ ತಮ್ಮ ಬ್ಯಾಂಕಿನಲ್ಲೇ ಏಪ್ರಿಲ್‌ನಲ್ಲಿ ಒಂದು ಆರ್‌ಡಿ ತೆರೆದರೆ ಫೆಬ್ರವರಿ ಹೊತ್ತಿಗೆ ಕೈಗೆ ಬರುತ್ತದೆ. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, ಈ ಕೆಲಸಕ್ಕೆ ಒಗ್ಗದು. ಚೀಟಿ ಕಟ್ಟಿ ಹರಾಜು ಕೂಗುವ ಆಸೆ ಕೆಲವರಿಗೆ ಬರಬಹುದು. ನೋಂದಣಿಯಿಲ್ಲದೆ ಚೀಟಿ ವ್ಯವಹಾರ ನಡೆಸುವುದು 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ಅಪರಾಧ ಎಂಬುದು ನೆನಪಿರಲಿ.

ಈ ಮಿತಿಯೊಳಗೆ ಏನು ಸಿಗುತ್ತದೆ? ನಾವು ಹಂಪಿ ನೋಡಿದ್ದು ಇದರಲ್ಲೇ. ರಾತ್ರಿ ಬೆಂಗಳೂರಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಹೊಸಪೇಟೆ, ಒಂದು ರಾತ್ರಿಯ ರೂಮಿನ ಬಾಡಿಗೆ ಅಲ್ಲೇ ಉಳಿಯಿತು. ಕಮಲಾಪುರದಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ಭುವನೇಶ್ವರಿ ಇದೆ, ಇಬ್ಬಿಬ್ಬರಿಗೆ ಒಂದು ರೂಮು ಸಾಕು. ರೂಮಿನ ಬಾಡಿಗೆ ದಿನಕ್ಕೆ 7,500 ರೂಪಾಯಿಯವರೆಗೆ ಇದ್ದರೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5, ಅದಕ್ಕೆ ಮೊದಲು ಶೇ 12 ಇತ್ತು. 7,500 ದಾಟಿದರೆ ಶೇ 18. ಅಂಥ ದೊಡ್ಡ ಹೋಟೆಲಿನ ಒಳಗೆ ಕೂತು ಉಂಡರೆ ಊಟಕ್ಕೂ ಶೇ 18 ಬೀಳುತ್ತದೆ. ಅದೇ ಊಟವನ್ನು ಹೊರಗಿನ ರೆಸ್ಟೋರೆಂಟಿನಲ್ಲಿ ಮಾಡಿದರೆ ಶೇ 5. ನಾಲ್ಕು ದಿನ ಮೂರು ಹೊತ್ತಿನ ಲೆಕ್ಕ ಹಾಕಿದರೆ ಈ ವ್ಯತ್ಯಾಸ ಸಣ್ಣದಲ್ಲ. ವಿಠ್ಠಲ ದೇವಸ್ಥಾನದ ಕಲ್ಲಿನ ರಥ ಮಾತ್ರ ಎಲ್ಲಿ ಮಲಗಿ ಎದ್ದವರಿಗೂ ಅಷ್ಟೇ ಚಂದ ಕಾಣುತ್ತದೆ.

ಇನ್ನು ವೈನಿನ ವಿಷಯಕ್ಕೆ ಬರುತ್ತೇನೆ. ನನಗೆ ಪ್ರೀತಿಯ ವಿಷಯ, ಹಾಗಾಗಿ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ.

ಹೃದಯಕ್ಕೆ ಒಳ್ಳೆಯದು ಎಂಬ ನೆಪ ಹೇಳಿ ನಾವು ಕುಡಿಯುವುದಿಲ್ಲ. ಆರೋಗ್ಯದ ದೃಷ್ಟಿಯಿಂದ ಮದ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದ್ದನ್ನು ವೈದ್ಯೆ ಗೆಳತಿ ಎಲ್ಲರಿಗೂ ಓದಿ ಹೇಳಿದ್ದಾಳೆ. ಊಟ ನಿಧಾನವಾಗುತ್ತದೆ, ಮಾತು ಬೆಳೆಯುತ್ತದೆ, ರುಚಿ ಬೇಕು, ಅದಕ್ಕೆ ಒಂದು ಲೋಟ, ಅಪರೂಪಕ್ಕೆ. ಮೇಷ್ಟ್ರೂ ಪ್ರೆಸ್ಸಿನವನೂ ಮುಟ್ಟುವುದೇ ಇಲ್ಲ. ಅವರಿಗೆ ನಿಂಬೆ ಸೋಡಾ.

ರೆಸ್ಟೋರೆಂಟಿನಲ್ಲಿ ವೈನ್ ತರಿಸುವಾಗ ಗೊತ್ತಿರಬೇಕಾದ ಮೊದಲ ಲೆಕ್ಕ ಇದು: 750 ಮಿಲಿ ಬಾಟಲಿಯಲ್ಲಿ 150 ಮಿಲಿಯ ಐದು ಲೋಟ. ಲೋಟಕ್ಕೆ 650 ರೂಪಾಯಿ, ಬಾಟಲಿಗೆ 2,500 ಎಂದು ಬರೆದಿದ್ದರೆ ಲೋಟದ ದರದಲ್ಲಿ ಐದು ಕುಡಿದವರು 3,250 ಕೊಟ್ಟಂತಾಯಿತು. ನಾಲ್ವರು ಕುಡಿಯುವವರಿದ್ದರೆ ಬಾಟಲಿಯೇ ಸರಿ. ಅದೇ ಬಾಟಲಿ ಎಂಆರ್‌ಪಿ ಅಂಗಡಿಯಲ್ಲೋ ಎಂಎಸ್‌ಐಎಲ್ ಮಳಿಗೆಯಲ್ಲೋ ಬಹಳ ಕಡಿಮೆಗೆ ಸಿಗುತ್ತದೆ. ಮೇಲಿನದ್ದೆಲ್ಲ ರೆಸ್ಟೋರೆಂಟಿನವರ ಜಾಗ, ಲೈಸೆನ್ಸು, ಗಾಜಿನ ಲೋಟ, ಬಡಿಸುವವರ ಸಂಬಳ, ಲಾಭ. ಅದು ಅನ್ಯಾಯ ಎಂದು ನಾನು ಹೇಳಲಾರೆ. ಆದರೆ ಮನೆಯಲ್ಲೇ ಸೇರಿ, ಕೊಂಡು ತಂದ ಬಾಟಲಿ ತೆಗೆದು, ಬಿಸಿ ಬಿಸಿ ಕೋಳಿಸಾರು-ಮುದ್ದೆಯ ಜೊತೆ ಕುಡಿದ ಸಂಜೆಗಳು ದುಬಾರಿ ಟೇಬಲ್ಲುಗಳಿಗಿಂತ ಹೆಚ್ಚು ಹೊತ್ತು ನಡೆದಿವೆ.

ಬಿಲ್ಲು ಬಂದಾಗ ಇಡೀ ಮೊತ್ತವನ್ನು ತಲೆಗೆ ಸಮನಾಗಿ ಭಾಗಿಸುವ ಅಭ್ಯಾಸ ಕುಡಿಯದವರಿಗೆ ಹೊರೆ. ಆರು ಜನರ ಊಟ 6,000, ಅದರ ಮೇಲೆ ಶೇ 5ರಂತೆ ಜಿಎಸ್‌ಟಿ 300, ತೆರಿಗೆ ಸೇರಿ ವೈನು 3,000, ಒಟ್ಟು 9,300. ಆರರಿಂದ ಭಾಗಿಸಿದರೆ ತಲೆಗೆ 1,550. ಊಟವನ್ನು ಆರು ಪಾಲು, ವೈನನ್ನು ಕುಡಿದವರ ನಾಲ್ಕೇ ಪಾಲು ಮಾಡಿದರೆ ಕುಡಿಯದವರು ಕೊಡಬೇಕಾದದ್ದು 1,050, ಕುಡಿದವರು 1,800. ಅಂದರೆ ಮೇಷ್ಟ್ರು ನಿಂಬೆ ಸೋಡಾ ಕುಡಿದು ನಮ್ಮ ವೈನಿಗೆ 500 ರೂಪಾಯಿ ಕೊಡುತ್ತಿದ್ದರು. ಕೇಳಿದ್ದರೆ ಅವರು “ಪರವಾಗಿಲ್ಲ ಬಿಡ್ರಪ್ಪ” ಎನ್ನುತ್ತಿದ್ದರು. ಅದಕ್ಕೇ ಕೇಳಬಾರದು, ಮೊದಲೇ ನಿಯಮ ಇರಬೇಕು. ನಾವು ಈಗ ವೈನಿನ ಬಿಲ್ಲನ್ನೇ ಬೇರೆ ಮಾಡಿಸುತ್ತೇವೆ.

ಬೇರೆ ಮಾಡಿಸುವುದರಿಂದ ಇನ್ನೊಂದು ಅನುಕೂಲವಿದೆ. ಮದ್ಯ ಜಿಎಸ್‌ಟಿಯ ಹೊರಗಿದೆ. ಅದರ ಮೇಲಿನ ತೆರಿಗೆ, ಸುಂಕ ರಾಜ್ಯಕ್ಕೆ ಸೇರಿದ್ದು. ಒಂದೇ ಬಿಲ್ಲಿನಲ್ಲಿ ಎಲ್ಲ ಕಲೆಸಿ ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಹಾಕಿದ್ದರೆ ಅದು ತಪ್ಪು, ತಿದ್ದಿಸಬೇಕು. ಸರ್ವಿಸ್ ಚಾರ್ಜ್ ಎಂಬ ಸಾಲು ಇದ್ದರೆ ಅದನ್ನೂ ನೋಡಿ. ಅದು ತೆರಿಗೆಯಲ್ಲ. ರೆಸ್ಟೋರೆಂಟಿನವರು ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಎಂದು ಸಮಾಧಾನದಿಂದ ಕೇಳಿದರೆ ಸಾಮಾನ್ಯವಾಗಿ ತೆಗೆಯುತ್ತಾರೆ, ಇಲ್ಲವಾದರೆ ಗ್ರಾಹಕ ಸಹಾಯವಾಣಿ 1915 ಇದೆ. ಹೀಗೆ ಉಳಿದದ್ದನ್ನು ಜೇಬಿಗೆ ಹಾಕಿಕೊಳ್ಳುವುದು ಮಾತ್ರ ನನಗೆ ಇಷ್ಟವಿಲ್ಲ. ಮಧ್ಯಾಹ್ನವಿಡೀ ನಿಂತು ಬಡಿಸಿದ ಹುಡುಗನ ಕೈಗೇ ಕೊಡುತ್ತೇವೆ.

ಬೆಂಗಳೂರಿನವರಿಗೆ ವೈನಿನ ಪ್ರವಾಸ ಬಹಳ ಹತ್ತಿರದಲ್ಲೇ ಇದೆ. ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ಸೀಮೆಯಲ್ಲಿ ಕನ್ವಲ್ ಗ್ರೋವರ್ ಎಂಬತ್ತರ ದಶಕದಲ್ಲಿ ಫ್ರೆಂಚ್ ತಳಿಯ ದ್ರಾಕ್ಷಿ ಬೆಳೆಯಲು ಹೊರಟಾಗ ಷಾಂಪೇನ್ ಪ್ರಾಂತ್ಯದ ಜಾರ್ಜ್ ವೆಸೆಲ್ ಜೊತೆಗಿದ್ದರು. ಆಮೇಲೆ ಬೋರ್ಡೊದ ಮಿಷೆಲ್ ರೋಲಾಂ ಸಲಹೆಗಾರರಾಗಿ ಬಂದರು. ಸುಮಾರು 900 ಮೀಟರ್ ಎತ್ತರದ ಈ ನೆಲದಲ್ಲಿ ಹಗಲು ಬಿಸಿಲಿದ್ದರೂ ರಾತ್ರಿ ತಂಪಾಗುವುದು ಆ ಬಳ್ಳಿಗಳಿಗೆ ಬೇಕಿತ್ತು. ಮನೆಗಳಲ್ಲಿ ತಿನ್ನುವ ನಮ್ಮ ಕಪ್ಪು ‘ಬೆಂಗಳೂರು ನೀಲಿ’ ದ್ರಾಕ್ಷಿಯೂ ಇದೇ ಸುತ್ತಿನದು. ಕೊಯ್ಲು ಬೇಸಿಗೆಯ ಬಾಗಿಲಲ್ಲಿ ನಡೆಯುತ್ತದೆ. ಅದಕ್ಕೇ ನಮ್ಮ ಆರ್‌ಡಿ ಫೆಬ್ರವರಿಗೆ ಮುಗಿಯುವುದು. ತೋಟ ಸುತ್ತಿ, ತಣ್ಣನೆಯ ನೆಲಮಾಳಿಗೆಯಲ್ಲಿ ಓಕ್ ಪೀಪಾಯಿಗಳನ್ನು ನೋಡಿ, ನಾಲ್ಕೈದು ಬಗೆ ರುಚಿ ನೋಡುವ ಹೊತ್ತಿಗೆ ಶಿರಾಜ್ ಯಾವುದು, ಕ್ಯಾಬರ್ನೆ ಯಾವುದು ಎಂದು ನಾಲಿಗೆಗೆ ಅಲ್ಪಸ್ವಲ್ಪ ತಿಳಿಯುತ್ತದೆ. ತಿಳಿದ ನಾಲಿಗೆ ದುಬಾರಿ ಲೇಬಲ್ಲಿಗೆ ಮರುಳಾಗುವುದು ಕಡಿಮೆ.

ಅಲ್ಲಿಗೆ ನಾವು ಸ್ವಂತ ಕಾರಿನಲ್ಲಿ ಹೋಗುವುದಿಲ್ಲ, ಡ್ರೈವರ್ ಸಮೇತ ಟೆಂಪೊ ಟ್ರಾವೆಲರ್ ಮಾಡುತ್ತೇವೆ. ಬಾಡಿಗೆ, ಬಾಟಾ, ಟೋಲು, ಪಾರ್ಕಿಂಗ್ ಆರು ಪಾಲಾಗುತ್ತದೆ. ಓಡಿಸುವವರ 100 ಮಿಲಿ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ದಾಟಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕುಡಿದು ಓಡಿಸಿ ಅಪಘಾತವಾದರೆ ಕಾರಿನ ಹಾನಿಗೆ ವಿಮಾ ಕಂಪನಿ ಹಣ ಕೊಡುವುದಿಲ್ಲ. ದುಡ್ಡಿನ ಮಾತು ಅತ್ತ ಇರಲಿ, ರಸ್ತೆಯಲ್ಲಿ ಹೋಗುವ ಇನ್ನೊಬ್ಬರ ಜೀವ ನಮ್ಮ ಮೋಜಿಗೆ ಒತ್ತೆಯಲ್ಲ.

ಕಾರ್ಡಿನ ಬಗ್ಗೆ ಚುಟುಕಾಗಿ. ಒಬ್ಬರು ಕ್ರೆಡಿಟ್ ಕಾರ್ಡಿನಲ್ಲಿ ಎಲ್ಲ ಬುಕ್ ಮಾಡಿದರೆ ಉಳಿದವರು ಅದೇ ದಿನ ಯುಪಿಐನಲ್ಲಿ ಕಳಿಸಬೇಕು. “ಆಮೇಲೆ ನೋಡೋಣ” ಎಂಬುದು ಗೆಳೆತನದ ನಡುವೆ ಇಲಿಯಂತೆ ಕೊರೆಯುತ್ತದೆ. ಪ್ರವಾಸದ 25,000ವನ್ನು ಕಾರ್ಡಿನಲ್ಲಿ ಬಾಕಿ ಉಳಿಸಿಕೊಂಡರೆ ತಿಂಗಳಿಗೆ ಶೇ 3.5ರ ದರದಲ್ಲಿ ಬಡ್ಡಿಯೇ 875, ಅದರ ಮೇಲೆ ಶೇ 18 ಜಿಎಸ್‌ಟಿ. ಮಿನಿಮಮ್ ಮಾತ್ರ ಕಟ್ಟಿದರೆ ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಹೊರದೇಶದಲ್ಲಾದರೆ ಯಂತ್ರ ‘ರೂಪಾಯಿಯಲ್ಲೋ ಇಲ್ಲಿನ ಹಣದಲ್ಲೋ’ ಎಂದು ಕೇಳಿದಾಗ ಅಲ್ಲಿನ ಹಣವನ್ನೇ ಆರಿಸಿ, ರೂಪಾಯಿ ಆರಿಸಿದರೆ ವಿನಿಮಯ ದರದಲ್ಲಿ ಹೆಚ್ಚು ಕಿತ್ತುಕೊಳ್ಳುತ್ತಾರೆ.

ಸಾಫ್ಟ್‌ವೇರ್ ಕಡೆಯ ಇಬ್ಬರಲ್ಲಿ ಒಬ್ಬ ಧಾರವಾಡದವನು. ಈ ನಿಯಮಗಳೆಲ್ಲ ಬಂದ ಹೊಸದರಲ್ಲಿ ಅವನು “ರೊಕ್ಕಾ ಎಣಿಸ್ಕೋತ ಕುಂತ್ರ ಉಂಡದ್ದು ರುಚಿ ಹತ್ತಂಗಿಲ್ಲ ನೋಡ್ರಿ” ಎಂದು ಸಿಡುಕಿದ್ದ. ನನಗೆ ಕಂಡದ್ದು ಅದರ ಉಲ್ಟಾ. ಎಣಿಕೆ ಏಪ್ರಿಲ್‌ನಲ್ಲೇ ಮುಗಿದಿರುವುದರಿಂದ ಟೇಬಲ್ಲಿನಲ್ಲಿ ಯಾರೂ ಎಣಿಸುವುದಿಲ್ಲ. ಪ್ರೆಸ್ಸಿನವನು ಈಗ ಮೆನು ಕಾರ್ಡನ್ನು ಮೊದಲು ಎಳೆದುಕೊಳ್ಳುತ್ತಾನೆ, ಮೀನು ಯಾವುದು ತಾಜಾ ಇದೆ ಎಂದು ವಿಚಾರಿಸುತ್ತಾನೆ, ಮುಂದಿನ ಊರು ಯಾವುದೆಂದು ಜಗಳಕ್ಕೂ ನಿಲ್ಲುತ್ತಾನೆ.

ಈ ವರ್ಷ ಚೀಟಿಯ ಅಂಕಿ 1,800ಕ್ಕೆ ಇಳಿದಿದೆ. ಯಾರದೋ ಮನೆಯಲ್ಲಿ ಏನೋ ಬದಲಾಗಿರಬೇಕು, ಕೇಳುವ ಹಕ್ಕು ನಮಗಿಲ್ಲ. 18,000ದೊಳಗೆ ವಿಜಯಪುರ ಮತ್ತು ಬಾದಾಮಿ ಎಂದು ಗೊತ್ತಾಗಿದೆ. ಬನಶಂಕರಿ ಜಾತ್ರೆಯ ದಿನಗಳಲ್ಲಿ ಬಾದಾಮಿಯಲ್ಲಿ ರೂಮು ಸಿಗುವುದು ಕಷ್ಟ, ಅದು ಕಳೆದ ಮೇಲೆ ಹೋಗುತ್ತೇವೆ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲಷ್ಟೇ ತೆರೆಯುವುದರಿಂದ ಆ ದಿನ ಬೆಳಿಗ್ಗೆ 8 ಗಂಟೆಗೆ ಫೋನ್ ಹಿಡಿದು ಕೂರುವ ಕೆಲಸ ಪ್ರೆಸ್ಸಿನವನದು. ಮಧ್ಯಾಹ್ನಗಳೆಲ್ಲ ಖಾನಾವಳಿಯಲ್ಲಿ, ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಹಾಗೆ ಉಳಿದದ್ದರಲ್ಲಿ ಒಂದು ರಾತ್ರಿ ಒಳ್ಳೆಯ ಕಡೆ ಊಟ. ವಿಜಯಪುರದ ಸುತ್ತ ಬೆಳೆದ ದ್ರಾಕ್ಷಿಯಿಂದ ಮಾಡಿದ ವೈನು ಅಲ್ಲಿ ಸಿಕ್ಕರೆ ನಾಲ್ಕು ಜನಕ್ಕೆ ಒಂದು ಬಾಟಲಿ, ಬಿಲ್ಲು ಬೇರೆ.