ದೋಣಿಯ ಯಂತ್ರವೂ ಇಂಧನದ ಆಕ್ಟೇನ್ ಅಂಕವೂ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳಿಗೆ ನದಿಯ ನೀರು ಭಾಗ್ಯವೂ ಹೌದು, ಭಯವೂ ಹೌದು. ಬೀಳಗಿ ತಾಲೂಕಿನ ಚಿಕ್ಕಸಂಗಮದಲ್ಲಿ ಕೂಡುವ ಕೃಷ್ಣಾ ಘಟಪ್ರಭಾ ನದಿಗಳು ಈ ನೆಲದ ಕಬ್ಬನ್ನು ಬೆಳೆಸಿವೆ. ಆ ಕಬ್ಬಿನಿಂದ ಮುಧೋಳ, ಸಮೀರವಾಡಿಗಳ ಕಾರ್ಖಾನೆಗಳಲ್ಲಿ ಸಕ್ಕರೆಯೊಡನೆ ಎಥೆನಾಲ್ ಎಂಬ ಇಂಧನವೂ ಸಿದ್ಧವಾಗುತ್ತದೆ. 2019ರ ಆಗಸ್ಟ್ ತಿಂಗಳಿನಲ್ಲಿ ಅದೇ ನದಿಗಳು ಉಕ್ಕಿ ಊರುಗಳನ್ನು ಸುತ್ತುವರಿದಾಗ ಜನರನ್ನು ದಡ ಸೇರಿಸಲು ಯಾಂತ್ರಿಕ ದೋಣಿಗಳೇ ಬೇಕಾದವು. ಆದುದರಿಂದ ದೋಣಿಯ ಯಂತ್ರಕ್ಕೆ ಎಂತಹ ಇಂಧನ ತಕ್ಕುದು ಎಂಬುದು ಇಲ್ಲಿ ಬರಿಯ ಕುತೂಹಲದ ಪ್ರಶ್ನೆಯಲ್ಲ.

ಪೆಟ್ರೋಲ್ ಯಂತ್ರದ ಸಿಲಿಂಡರಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವು ಒತ್ತಲ್ಪಟ್ಟು, ಕಿಡಿ ತಾಗಿದ ಬಳಿಕ ಕ್ರಮವಾಗಿ ಉರಿಯಬೇಕು. ಒತ್ತಡವೂ ಶಾಖವೂ ಮಿತಿ ಮೀರಿದರೆ, ಜ್ವಾಲೆ ಮುಟ್ಟುವ ಮೊದಲೇ ಉಳಿದ ಮಿಶ್ರಣವು ತಾನಾಗಿ ಸಿಡಿಯುತ್ತದೆ. ಆಗ ಕೇಳಿಬರುವ ಬಡಿತಕ್ಕೆ ‘ನಾಕಿಂಗ್’ ಎಂದು ಹೆಸರು. ಅದು ಮುಂದುವರಿದರೆ ಪಿಸ್ಟನ್ ಕೆಡುತ್ತದೆ. ಈ ಸಿಡಿತವನ್ನು ತಡೆದುಕೊಳ್ಳುವ ಇಂಧನದ ಗುಣದ ಅಳತೆಯೇ ಆಕ್ಟೇನ್ ಅಂಕ. ಐಸೋ-ಆಕ್ಟೇನ್ ಎಂಬ ದ್ರವಕ್ಕೆ 100, ಹೆಪ್ಟೇನ್ ಎಂಬುದಕ್ಕೆ 0 ಎಂದಿಟ್ಟು ಉಳಿದ ಇಂಧನಗಳನ್ನು ಇವುಗಳೊಡನೆ ಹೋಲಿಸುತ್ತಾರೆ. ಮೊದಲನೆಯದರ ಅಣುವಿನಲ್ಲಿ ಎಂಟು, ಎರಡನೆಯದರಲ್ಲಿ ಏಳು ಇಂಗಾಲದ ಪರಮಾಣುಗಳಿವೆ. ಲ್ಯಾಟಿನ್ನಿನ ‘ಆಕ್ಟೋ’ ಸಂಸ್ಕೃತದ ‘ಅಷ್ಟ’ಕ್ಕೂ, ಗ್ರೀಕಿನ ‘ಹೆಪ್ಟಾ’ ‘ಸಪ್ತ’ಕ್ಕೂ ಸೋದರ ಶಬ್ದಗಳೆಂಬುದನ್ನು ನೆನೆದರೆ ಈ ಹೆಸರುಗಳು ವಿದ್ಯಾರ್ಥಿಗಳಿಗೆ ಅಪರಿಚಿತವೆನಿಸವು.

ಇನ್ನು ಎತ್ತರದ ವಿಚಾರ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 76 ಸೆಂಟಿಮೀಟರ್ ಪಾದರಸದಷ್ಟು. ಆಲಮಟ್ಟಿ ಜಲಾಶಯದ ಪೂರ್ಣಮಟ್ಟ 519.6 ಮೀಟರ್, ಆ ಎತ್ತರದಲ್ಲಿ ಒತ್ತಡ ಸುಮಾರು 71 ಸೆಂಟಿಮೀಟರ್. ಭಾರತದ ಸೈನ್ಯವು ಕಾವಲು ದೋಣಿಗಳನ್ನು ನಡೆಸುವ ಲಡಾಖಿನ ಪ್ಯಾಂಗಾಂಗ್ ಸರೋವರವು 4,200 ಮೀಟರಿಗೂ ಮೇಲಿದೆ. ಅಲ್ಲಿ ಒತ್ತಡ ಸುಮಾರು 45 ಸೆಂಟಿಮೀಟರ್ ಮಾತ್ರ. ಸಾಮಾನ್ಯ ಪೆಟ್ರೋಲ್ ಯಂತ್ರವು ಅಂತಹ ಎಡೆಯಲ್ಲಿ ಕಡಿಮೆ ಗಾಳಿಯನ್ನು ಸೇವಿಸಿ ಬಲಗುಂದುತ್ತದೆ. ಒತ್ತಡ ತಗ್ಗಿದುದರಿಂದ ನಾಕಿಂಗಿನ ಭಯವೂ ತಗ್ಗುತ್ತದೆ. ಕಡಿಮೆ ಆಕ್ಟೇನ್ ಸಾಕಾಗುತ್ತದೆ.

ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಇದ್ದರೆ ಲೆಕ್ಕ ಬೇರೆಯಾಗುತ್ತದೆ. ಅದು ಒತ್ತಡವನ್ನು ಯಾವಾಗಲೂ ಒಂದೂವರೆ ಪಟ್ಟು ಮಾಡುವುದೆಂದು ಭಾವಿಸೋಣ. ಸಮುದ್ರಮಟ್ಟದಲ್ಲಿ 76 ಸೆಂಟಿಮೀಟರ್ 114 ಆಗುತ್ತದೆ. ಪ್ಯಾಂಗಾಂಗಿನಲ್ಲಿ 45 ಕೇವಲ 68ರ ಸಮೀಪಕ್ಕೆ ಬರುತ್ತದೆ. ಇಲ್ಲಿಯೂ ಆಕ್ಟೇನ್ ಅಗತ್ಯ ಕಡಿಮೆಯೇ. ಆದರೆ ಅಲ್ಲಿಯೂ 114 ಬೇಕೆಂದು ಯಂತ್ರವನ್ನು ಅಳವಡಿಸಿದರೆ ಗಾಳಿಯನ್ನು ಎರಡೂವರೆ ಪಟ್ಟು ಒತ್ತಬೇಕು. ಒತ್ತಿದ ಗಾಳಿ ಬಿಸಿಯಾಗುತ್ತದೆ. ಅದನ್ನು ತಂಪುಗೊಳಿಸದಿದ್ದರೆ ಸಮುದ್ರಮಟ್ಟಕ್ಕಿಂತಲೂ ಹೆಚ್ಚಿನ ಆಕ್ಟೇನ್ ಬೇಕಾದೀತು. 1940ರಲ್ಲಿ ಬ್ರಿಟನ್ನಿನ ಯುದ್ಧವಿಮಾನಗಳ ಮರ್ಲಿನ್ ಯಂತ್ರಗಳು ಸೂಪರ್‌ಚಾರ್ಜರಿನ ಒತ್ತಡವನ್ನು ಏರಿಸಿಕೊಂಡದ್ದು 100 ಆಕ್ಟೇನ್ ಇಂಧನದ ಆಸರೆಯಿಂದಲೇ. ಹೀಗೆ ಇಂಧನವನ್ನು ನಿರ್ಧರಿಸುವುದು ಬೆಟ್ಟದ ಎತ್ತರವಲ್ಲ, ಸಿಲಿಂಡರಿನೊಳಗಿನ ಒತ್ತಡ ಮತ್ತು ಶಾಖ. ಬೇಕಾದುದಕ್ಕಿಂತ ಹೆಚ್ಚಿನ ಆಕ್ಟೇನ್ ಸುರಿದ ಮಾತ್ರಕ್ಕೆ ಸಾಮಾನ್ಯ ಯಂತ್ರದ ಬಲ ಹೆಚ್ಚುವುದಿಲ್ಲ.

ಕೃಷ್ಣೆಯ ದಡದ ಸಾಮಾನ್ಯ ದೋಣಿಯಂತ್ರಕ್ಕೆ ಆದುದರಿಂದ ಆಕ್ಟೇನಿನ ಕೊರತೆಯ ಚಿಂತೆಯಿಲ್ಲ. ಎಥೆನಾಲಿನ ಆಕ್ಟೇನ್ ಅಂಕವೇ 100ನ್ನು ಮೀರಿದುದು. 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಅದರ ಪ್ರಮಾಣ ನೂರಕ್ಕೆ 20ನ್ನು ಮುಟ್ಟಿತು. ಚಿಂತೆ ಇರುವುದು ನೀರಿನದು. ಎಥೆನಾಲ್ ನೀರನ್ನು ಸೆಳೆದುಕೊಳ್ಳುತ್ತದೆ. ಟ್ಯಾಂಕಿನೊಳಗೆ ನೀರು ಮಿತಿ ಮೀರಿ ಸೇರಿದರೆ ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನೊಡನೆ ತಳಕ್ಕಿಳಿಯುತ್ತದೆ. ಮೇಲುಳಿದ ಪೆಟ್ರೋಲಿನ ಆಕ್ಟೇನ್ ಕುಗ್ಗುತ್ತದೆ. ತಳದ ನೀರುಮಿಶ್ರಣವನ್ನು ಕೊಳವೆ ಹೀರಿದರೆ ಯಂತ್ರವು ನಡುಹೊಳೆಯಲ್ಲಿ ನಿಲ್ಲುತ್ತದೆ. ಅಲ್ಲದೆ ಔಟ್‌ಬೋರ್ಡ್ ಯಂತ್ರಗಳ ಹಲವು ತಯಾರಕರು ನೂರಕ್ಕೆ 10ಕ್ಕಿಂತ ಹೆಚ್ಚಿನ ಎಥೆನಾಲನ್ನು ಒಪ್ಪುವುದಿಲ್ಲ.

ನೆರೆಯ ದೋಣಿ ವರ್ಷದ ಬಹುಕಾಲ ಸುಮ್ಮನಿದ್ದು, ಒಂದು ರಾತ್ರಿ ತಪ್ಪದೆ ಓಡಬೇಕಾದುದು. ಹಳೆಯ ಇಂಧನವನ್ನು ತೆಗೆದು ಹೊಸದನ್ನು ತುಂಬುವುದು, ನೀರು ಬೇರ್ಪಡಿಸುವ ಶೋಧಕವನ್ನು ಜೋಡಿಸುವುದು, ಟ್ಯಾಂಕಿನ ಮುಚ್ಚಳವನ್ನು ಭದ್ರಪಡಿಸುವುದು, ತಯಾರಕರ ಕೈಪಿಡಿಯನ್ನು ಓದುವುದು, ಮಳೆಗಾಲಕ್ಕೆ ಮುನ್ನ ಯಂತ್ರವನ್ನು ನಡೆಸಿ ನೋಡುವುದು: ಇವು ಸಣ್ಣ ಕೆಲಸಗಳು, ಇವುಗಳ ಮೇಲೆ ನಿಂತಿರುವುದು ದೋಣಿಯೊಳಗಿನವರ ಪ್ರಾಣ. ತನ್ನ ಹೊಲದ ಕಬ್ಬು, ತನ್ನ ಊರಿನ ಹೊಳೆ ಇವೆರಡರಿಂದಲೇ ರಸಾಯನಶಾಸ್ತ್ರದ ಈ ಪಾಠವನ್ನು ಕಲಿತ ವಿದ್ಯಾರ್ಥಿಯು ಅದನ್ನು ಪರೀಕ್ಷೆಯ ನಂತರವೂ ಮರೆಯಲಾರನು. ಹೊಳೆ ಏರಿದ ದಿನ ಆ ನೆನಪು ಊರಿಗೆ ಒದಗೀತು.