ನದಿಯ ಹುಟ್ಟನ್ನು ನೋಡಿ ಬನ್ನಿ



ತುಲಾ ಸಂಕ್ರಮಣ ಬಂತೆಂದರೆ ನಾಡಿನ ಮೂಲೆಮೂಲೆಯಿಂದ ಜನ ಕೊಡಗಿನ ತಲಕಾವೇರಿಗೆ ಹೋಗುತ್ತಾರೆ. ಬ್ರಹ್ಮಗಿರಿ ಬೆಟ್ಟದಲ್ಲಿರುವ ಪುಟ್ಟ ಕುಂಡಿಕೆಯ ತೀರ್ಥವನ್ನು ಮನೆಗೆ ತಂದು ಎಲ್ಲರಿಗೂ ಹಂಚುತ್ತಾರೆ. ಇದು ಒಳ್ಳೆಯ ಸಂಪ್ರದಾಯ. ಆದರೆ ಕಾವೇರಿಯ ನೀರೆಲ್ಲ ಆ ಒಂದು ಕುಂಡಿಕೆಯಿಂದಲೇ ಬರುವುದಿಲ್ಲ. ಅವಳನ್ನು ಸೇರುವ ಒಂದೊಂದು ಉಪನದಿಯ ಹುಟ್ಟೂ ಕಾವೇರಿಯ ಹುಟ್ಟೇ ಸರಿ. ಅಂಥ ಒಂದು ಹುಟ್ಟು ನಮ್ಮ ತುಮಕೂರು ಜಿಲ್ಲೆಯಲ್ಲಿಯೇ ಇದೆ. ಬೆಟ್ಟದ ಹೆಸರು ದೇವರಾಯನದುರ್ಗ. ನದಿಯ ಹೆಸರು ಶಿಂಷಾ.

ಹೋಗುವ ಬಗೆ

ಹಾಗಲವಾಡಿಯ ಕಡೆಯವರು ಗುಬ್ಬಿಯ ಮೇಲೆ ತುಮಕೂರಿಗೆ ಬನ್ನಿ. ಕುಣಿಗಲ್ಲಿನವರಿಗೂ ತುಮಕೂರೇ ದಾರಿ. ಅಲ್ಲಿಂದ ದುರ್ಗ ಸುಮಾರು 15 ಕಿಲೋಮೀಟರ್. ಮಳೆ ಹಿಂದೆಗೆದ ಕಾರ್ತಿಕ ಮಾಸದಲ್ಲಿ, ಬುತ್ತಿ ಕಟ್ಟಿಕೊಂಡು, ಮಕ್ಕಳನ್ನೂ ಕರೆದುಕೊಂಡು ಹೋದರೆ ಒಂದು ದಿನದ ಕೆಲಸ.

ನೋಡಬೇಕಾದದ್ದು

ಮೊದಲು ಬೆಟ್ಟದ ಬುಡದ ನಾಮದ ಚಿಲುಮೆಯ ಬಳಿ ನಿಲ್ಲಿ. ನಾಮ ತೇದುಕೊಳ್ಳಲು ನೀರಿಲ್ಲದೆ ಶ್ರೀರಾಮನು ಬಂಡೆಗೆ ಬಾಣ ಬಿಟ್ಟನೆಂದೂ ಆಗ ನೀರು ಚಿಮ್ಮಿತೆಂದೂ ಹಿರಿಯರು ಹೇಳುವ ಕಥೆ. ಬಂಡೆಯಿಂದ ನೀರು ಬರುವ ಬಗೆ ಹೀಗೆ: ಮೇಲಿನ ಕಾಡಿನಲ್ಲಿ ಬಿದ್ದ ಮಳೆ ತರಗೆಲೆಯ ಹಾಸಿನಲ್ಲಿ ಇಂಗಿ, ಮಣ್ಣಿಗಿಳಿದು, ಕಲ್ಲಿನ ಬಿರುಕುಗಳಲ್ಲಿ ಮೆಲ್ಲಗೆ ಜಾರಿ, ತಗ್ಗಿನಲ್ಲಿ ಹೊರಗೆ ಬರುತ್ತದೆ. ಮಳೆ ನಿಂತ ಮೇಲೂ ಚಿಲುಮೆ ಹರಿಯುವುದು ಇದರಿಂದಲೇ.

ಅಲ್ಲಿಂದ ಬೆಟ್ಟ ಹತ್ತಿ. ಕೆಳಗೆ ಭೋಗಾನರಸಿಂಹ, ಮೇಲೆ ಯೋಗಾನರಸಿಂಹ. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದ ಈ ಬೆಟ್ಟಸಾಲಿನಲ್ಲಿ ಎರಡು ನದಿಗಳು ಹುಟ್ಟುತ್ತವೆ. ಜಯಮಂಗಲಿಯು ಕೊರಟಗೆರೆ, ಮಧುಗಿರಿ ಸೀಮೆಗಳ ಕಡೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಶಿಂಷಾ ಕಾವೇರಿಯ ಕಡೆಗೆ ಹೋಗುತ್ತದೆ. ಹೆಂಚಿನ ಮನೆಯ ಸೂರನ್ನು ನೆನೆಯಿರಿ. ನೆತ್ತಿಯ ಈಚೆಗೆ ಬಿದ್ದ ಹನಿ ಅಂಗಳಕ್ಕೆ, ಆಚೆಗೆ ಬಿದ್ದ ಹನಿ ಹಿತ್ತಲಿಗೆ. ಬೆಟ್ಟದ ನೆತ್ತಿಯೂ ಹಾಗೆಯೇ.

ಶಿಂಷೆಯ ದಾರಿ

ಭೋರ್ಗರೆಯುವ ಹೊಳೆಯನ್ನು ಅಲ್ಲಿ ಹುಡುಕಬೇಡಿ. ಹುಟ್ಟಿನಲ್ಲಿ ನದಿಯೆಂದರೆ ಇಳಿಜಾರು, ಸಣ್ಣ ಝರಿ, ಹಳ್ಳ, ಅಷ್ಟೇ. ಹಳ್ಳಕ್ಕೆ ಹಳ್ಳ ಕೂಡಿ ಗುಬ್ಬಿ ತಾಲ್ಲೂಕಿಗೆ ಬಂದು ಕಡಬದ ದೊಡ್ಡ ಕೆರೆಯನ್ನು ತುಂಬುತ್ತದೆ. ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಈ ಅಣೆಕಟ್ಟೆಯಲ್ಲಿ ನೀರು ಗೊತ್ತಾದ ಮಟ್ಟಕ್ಕೆ ಏರಿದೊಡನೆ, ಯಾರೂ ಬಾಗಿಲು ಎತ್ತದೆ, ಸೈಫನ್ ಕೊಳವೆಗಳಿಂದ ತಾನಾಗಿ ಹೊರಬೀಳುತ್ತದೆ. ಆಮೇಲೆ ಮದ್ದೂರು, ಕೊನೆಗೆ ಶಿವನಸಮುದ್ರದಿಂದ ಕೆಳಗೆ ಕಾವೇರಿಯ ಸಂಗಮ. ಒಟ್ಟು ಹಾದಿ 221 ಕಿಲೋಮೀಟರ್.

ಕಲಿಯಬೇಕಾದ ಪಾಠ

ಇಂದು ನಮ್ಮ ಜಿಲ್ಲೆಯ ಎಷ್ಟೋ ಕೆರೆಗಳು ಹೇಮಾವತಿ ನಾಲೆಯ ದಾರಿ ಕಾಯುತ್ತವೆ. ಆ ನೀರು ಹುಟ್ಟುವುದು ದೂರದ ಮೂಡಿಗೆರೆಯ ಮಲೆಗಳಲ್ಲಿ. ಅದನ್ನು ತಡೆದು ನಿಲ್ಲಿಸುವುದು 1979ರಲ್ಲಿ ಮುಗಿದ ಗೊರೂರಿನ ಅಣೆಕಟ್ಟು. ಬರುವ ನೀರು ಬರಲಿ. ಆದರೆ ನಮ್ಮ ನೆಲದ ಮೇಲೆಯೇ ಬೀಳುವ ನೀರಿನ ಲೆಕ್ಕ ನಮಗೆ ಗೊತ್ತೇ? ಒಂದು ಎಕರೆಯ ಮೇಲೆ ಒಂದೇ ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರು! ಬೋಳು ಇಳಿಜಾರಿನಲ್ಲಿ ಅದು ನಿಲ್ಲದೆ ಓಡುತ್ತದೆ. ಓಡುವಾಗ ಮೇಲ್ಮಣ್ಣನ್ನೂ ಹೊತ್ತುಕೊಂಡು ಹೋಗಿ ಕೆರೆಯಲ್ಲಿ ಹೂಳಾಗಿ ಬಿಡುತ್ತದೆ. ಹೊಲಕ್ಕೂ ನಷ್ಟ, ಕೆರೆಗೂ ನಷ್ಟ, ಕೊಳವೆ ಬಾವಿಗೂ ನಷ್ಟ. ಮರ, ಹುಲ್ಲು, ಬದು ಇದ್ದ ಕಡೆ ಅದೇ ನೀರು ಇಂಗಿ ಬಹುದಿನ ಒದಗುತ್ತದೆ.

ಊರಿಗೆ ಬಂದ ಮೇಲೆ

1. ನಿಮ್ಮ ಕೆರೆ ಕೋಡಿ ಬಿದ್ದರೆ ನೀರು ಮುಂದೆ ಯಾವ ಕೆರೆಗೆ, ಕೊನೆಗೆ ಯಾವ ನದಿಗೆ ಹೋಗುತ್ತದೆ? ಹಿರಿಯರನ್ನು ಕೇಳಿ ತಿಳಿಯಿರಿ. ಮಕ್ಕಳಿಂದ ನಕ್ಷೆ ಬರೆಸಿ ಶಾಲೆಯ ಗೋಡೆಗೆ ಹಾಕಿಸಿ.

2. ಕೆರೆಗೆ ನೀರು ತರುವ ಹಳ್ಳದ ಜಾಡು ಹಿಡಿದು ಮೇಲಿನವರೆಗೆ ನಡೆಯಿರಿ. ಎಲ್ಲಿ ಮುಚ್ಚಿದೆ, ಎಲ್ಲಿ ಒತ್ತುವರಿಯಾಗಿದೆ ಎಂಬುದನ್ನು ಬರೆದುಕೊಂಡು ಗ್ರಾಮಸಭೆಯಲ್ಲಿ ಹೇಳಿ.

3. ಇಳಿಜಾರಿಗೆ ಅಡ್ಡವಾಗಿ ಉಳಿರಿ. ಒಡೆದ ಬದುಗಳನ್ನು ಮುಂಗಾರಿಗೆ ಮೊದಲೇ ಕಟ್ಟಿಕೊಳ್ಳಿ. ಬದುವಿನ ಮೇಲೆ ಹೊಂಗೆ, ಬೇವು ಬೆಳೆಸಿ.

4. ಬೇಸಗೆಯಲ್ಲಿ ಗುಡ್ಡದ ಹುಲ್ಲಿಗೆ ಬೆಂಕಿ ಬೀಳದಂತೆ ಕಾಯಿರಿ. ಉರಿದ ಗುಡ್ಡದಲ್ಲಿ ಮಳೆ ಇಂಗುವುದಿಲ್ಲ.

ಹಳ್ಳದ ಮೇಲ್ತುದಿಯವರೆಗೆ ನಡೆದು ನೋಡಿದರೆ ಅಲ್ಲಿ ಸಿಗುವುದು ಯಾರದೋ ಹೊಲ, ಯಾವುದೋ ಗೋಮಾಳ. ನಮ್ಮ ಕೆರೆಯ ಹುಟ್ಟು ಅದೇ. ಅದನ್ನು ಕಾಯುವವರು ನಾವೇ.