ತಮಟೆ ಯಾರದು?

ಪ್ರಶ್ನೆ: ಅಮೆರಿಕದ ಅಪಲಾಚಿಯನ್ ಬೆಟ್ಟಗಳ ಜನಪದ ಸಂಗೀತಕ್ಕೆ ಕೆಲ್ಟಿಕ್ ಬೇರು ಇದೆಯೆಂದು ಓದಿದೆ. ನಮ್ಮ ಕೋಲಾರದ ಬೆಟ್ಟಗುಡ್ಡಗಳ ಹಾಡಿಗೂ ಹೀಗೆ ಹೊರಗಿನ ಬೇರು ಇದೆಯೇ? ತಮಟೆ ತಮಿಳರದು ಎನ್ನುವವರಿದ್ದಾರೆ, ತೆಲುಗರದು ಎನ್ನುವವರೂ ಇದ್ದಾರೆ. ಯಾವುದು ನಿಜ?
– ಓದುಗರೊಬ್ಬರು, ಶ್ರೀನಿವಾಸಪುರ

ಉತ್ತರ: ಮೊದಲು ಅಪಲಾಚಿಯನ್ ಕಥೆಯನ್ನೇ ನೋಡೋಣ. 18ನೇ ಶತಮಾನದಲ್ಲಿ ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್ ಕಡೆಯ ಜನ ದೊಡ್ಡ ಸಂಖ್ಯೆಯಲ್ಲಿ ಆ ಬೆಟ್ಟಗಳಿಗೆ ಹೋಗಿ ನೆಲೆಸಿದರು. ಅವರ ಪಿಟೀಲಿನ ಮಟ್ಟುಗಳೂ ಜೊತೆಗೆ ಹೋದವು. ಅಷ್ಟು ನಿಜ. ಆದರೆ ಅಲ್ಲಿನ ಬ್ಯಾಂಜೊ ಆಫ್ರಿಕಾದಿಂದ ಗುಲಾಮರಾಗಿ ಸಾಗಿಸಲ್ಪಟ್ಟವರ ವಾದ್ಯ. ಡಲ್ಸಿಮರ್ ಎಂಬ ತಂತಿವಾದ್ಯದ ಮೂಲ ಜರ್ಮನ್ ವಲಸಿಗರಲ್ಲಿದೆ. 1916ರಿಂದ 1918ರವರೆಗೆ ಇಂಗ್ಲೆಂಡಿನ ಹಾಡು ಸಂಗ್ರಾಹಕರಾದ ಸೆಸಿಲ್ ಶಾರ್ಪ್ ಮತ್ತು ಮಾಡ್ ಕಾರ್ಪಲೀಸ್ ಆ ಬೆಟ್ಟಗಳನ್ನು ಸುತ್ತಿ ಹಾಡುಗಳನ್ನು ಬರೆದುಕೊಂಡರು. ಶಾರ್ಪ್ ಹುಡುಕಿಕೊಂಡು ಹೋದದ್ದು ಇಂಗ್ಲಿಷರ ಹಾಡುಗಳನ್ನು. ಪುಸ್ತಕಕ್ಕೂ ಅದೇ ಹೆಸರಿಟ್ಟರು. ಆಫ್ರಿಕನ್ ಮೂಲದವರ ಹಾಡಿನತ್ತ ಅವರ ಗಮನ ಅಷ್ಟಾಗಿ ಹರಿಯಲಿಲ್ಲ. ಯಾವ ಬೇರನ್ನು ಹುಡುಕಿ ಹೊರಡುತ್ತೇವೋ ಅದೇ ಬೇರು ಕೈಗೆ ಸಿಗುತ್ತದೆ.

ಕೆಲ್ಟಿಕ್ ನಾಡಿನವರು ಕೋಲಾರಕ್ಕೂ ಬಂದಿದ್ದರು ಎಂದರೆ ನಿಮಗೆ ಆಶ್ಚರ್ಯವಾಗಬಹುದು. 1880ರ ದಶಕದಿಂದ ಕೆಜಿಎಫ್ ಚಿನ್ನದ ಗಣಿಗಳನ್ನು ನಡೆಸಿದ ಜಾನ್ ಟೇಲರ್ ಕಂಪನಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ಅನುಭವಿ ಗಣಿಗಾರರನ್ನು ಕರೆತಂದಿತ್ತು. ಕಾರ್ನ್‌ವಾಲ್ ಜನರ ಹಳೆಯ ಭಾಷೆ ಕೆಲ್ಟಿಕ್ ಕುಟುಂಬದ್ದು. ಆದರೂ ಅವರ ಹಾಡಿನ ಗುರುತು ನಮ್ಮ ಹಳ್ಳಿಯ ಪದಗಳಲ್ಲಿ ಕಾಣುವುದಿಲ್ಲ. ಯೂರೋಪಿನಿಂದ ಬಂದು ಇಲ್ಲಿ ಬೇರುಬಿಟ್ಟದ್ದು ಬೇರೆ: ಭಜನೆಯ ಹಾರ್ಮೋನಿಯಂ, ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್. ಅದೇ ಗಣಿಗಳಿಗೆ ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಕೂಲಿಗೆ ಬಂದ ತಮಿಳು, ತೆಲುಗು ಕುಟುಂಬಗಳು ಮಾತ್ರ ಇಲ್ಲಿಯವರೇ ಆಗಿಹೋದವು.

ಇನ್ನು ತಮಟೆಗೆ ಬರೋಣ. ಮರದ ಬಳೆಗೆ ಬಿಗಿದ ಚರ್ಮ. ಬಾರಿಸುವ ಮೊದಲು ಹುಲ್ಲು, ಕಾಗದದ ಬೆಂಕಿ ಹಾಕಿ ಕಾಯಿಸುತ್ತಾರೆ. ಚರ್ಮ ಬಿಗಿಯಾಗಿ ನಾದ ಏರುತ್ತದೆ. ಆಮೇಲೆ ಎಡಹೆಗಲಿಗೆ ಒರಗಿಸಿ, ಬಲಗೈಯಲ್ಲಿ ದಪ್ಪನೆಯ ಗಿಡ್ಡ ಕೋಲು, ಎಡಗೈಯಲ್ಲಿ ಬಿದಿರಿನ ತೆಳು ಉದ್ದ ಕಡ್ಡಿ ಹಿಡಿಯುತ್ತಾರೆ. ದಪ್ಪ ಕೋಲು ಗತ್ತು ಕೊಟ್ಟರೆ ಕಡ್ಡಿ ಅದರ ಸಂದುಗಳನ್ನು ತುಂಬುತ್ತದೆ. ತಮಿಳರ ಪರೈಗೂ ತೆಲುಗರ ಡಪ್ಪುಗೂ ಇದೇ ಜೋಡಿ, ಇದೇ ಬೆಂಕಿ. ಪರೈ ಸುಮಾರು 2000 ವರ್ಷಗಳಷ್ಟು ಹಳೆಯ ಸಂಗಂ ಕಾವ್ಯಗಳಲ್ಲೇ ಬರುತ್ತದೆ, ನಿಜ. ಆದರೆ ಮೊದಲು ಬರೆದಿಟ್ಟವರೇ ಮೊದಲು ಬಾರಿಸಿದವರು ಎನ್ನಲಾಗದು. ಮೂರು ರಾಜ್ಯಗಳ ಗಡಿಗೆರೆ ಎಳೆಯುವುದಕ್ಕಿಂತ ಎಷ್ಟೋ ಮೊದಲಿನ ವಾದ್ಯ ಇದು.

ತತ್ವಪದದ್ದೂ ಅದೇ ಮಾತು. ಕೈವಾರದ ತಾತಯ್ಯ, ಅಂದರೆ ಯೋಗಿ ನಾರೇಯಣರು, ಬಳೆ ಮಾರುತ್ತ ಊರೂರು ತಿರುಗಿದವರು. ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದರು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವವರಿಗೆ ಇದು ವಿಶೇಷವೇನಲ್ಲ. ಬರೀ ಕನ್ನಡದ ಹಾಡನ್ನು ಹುಡುಕುವವರು ಇಲ್ಲಿ ಅರ್ಧ ಹಾಡನ್ನೇ ಕಳೆದುಕೊಳ್ಳುತ್ತಾರೆ.

ಭಾಷೆಗಿಂತ ಜಾತಿಯ ಪ್ರಶ್ನೆ ದೊಡ್ಡದು. ತಮಟೆ ಯಾರದು ಎಂದರೆ ಅದನ್ನು ಮಾಡಿ, ಬಾರಿಸಿ ಉಳಿಸಿದ ದಲಿತ ಕೇರಿಗಳದು. ಸಾವಿಗೆ, ಜಾತ್ರೆಗೆ ಬಾರಿಸುವುದು ಅವರ ಮೇಲೆ ಹೇರಿದ ಚಾಕರಿಯಾಗಿತ್ತು. ದಲಿತ ಚಳವಳಿಯ ದಿನಗಳಲ್ಲಿ ಕೆಲವರು ಇನ್ನು ಬಾರಿಸುವುದಿಲ್ಲ ಎಂದರು. ಕೆಲವರು ಅದೇ ತಮಟೆಯನ್ನು ಹೋರಾಟದ ವಾದ್ಯ ಮಾಡಿಕೊಂಡರು. ಎರಡೂ ಸರಿಯೇ. ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯನವರು ಕೋಲಾರದ ತೇರಹಳ್ಳಿ ಬೆಟ್ಟದಲ್ಲಿ ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರ, 'ಹುಣ್ಣಿಮೆ ಹಾಡು' ಕಾರ್ಯಕ್ರಮದ ಮೂಲಕ ಇಂಥ ಕಲೆಗಳಿಗೆ ವೇದಿಕೆಯಾಯಿತು. 2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇದ್ದ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂತು.

ಆದ್ದರಿಂದ ತಮಟೆ ತಮಿಳರದೋ ತೆಲುಗರದೋ ಎಂಬ ಜಗಳ ಬಿಡಿ. ಭಾಷೆಯ ಲೆಕ್ಕದಲ್ಲಿ ಅದು ತಮಿಳರು, ತೆಲುಗರು, ಕನ್ನಡಿಗರು ಮೂವರದೂ ಹೌದು. ಮುಂದಿನ ಜಾತ್ರೆಗೆ ತಮಟೆಯವರನ್ನು ಕರೆಸಿದಾಗ ನೀವು ಎರಡು ಕೆಲಸ ಮಾಡಿ. ಯಾರಿಂದ ಕಲಿತಿರಿ ಎಂದು ಕೇಳಿ ಬರೆದಿಟ್ಟುಕೊಳ್ಳಿ; ಬೇರಿನ ನಿಜವಾದ ದಾಖಲೆ ಅದೇ. ಮತ್ತೆ ಅವರ ಸಂಭಾವನೆಯನ್ನು ಚೌಕಾಸಿ ಮಾಡದೆ, ಎಲ್ಲರ ಜೊತೆ ಕೂರಿಸಿ ಊಟ ಹಾಕಿ ಕೊಡಿ.